ಇಂಜಿನ್ನಿಗೆ ಒಂದಿಷ್ಟು ಹೆಚ್ಚಿನ ಉಸಿರು

ಸಂಸಾರವಂದಿಗರು ಓದುವ ಈ ಪುಟಗಳಲ್ಲಿ ಮೋಟಾರು ಕಾರಿನ ಇಂಜಿನ್ನನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವು ಬಂಧುಗಳು ಹುಬ್ಬೇರಿಸಬಹುದು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಪರಿಚಯದ ನಾಲ್ಕಾರು ಮನೆಗಳಲ್ಲಿ ಒಂದೇ ಬಗೆಯ ಮಾತು ಕಿವಿಗೆ ಬಿದ್ದಿದೆ. ಮನೆಯಲ್ಲಿ ಹತ್ತು ಹದಿನೈದು ವರ್ಷದ ಹಳೆಯ ಕಾರು ಇರುತ್ತದೆ. ಓದಿ ಕೆಲಸ ಹಿಡಿದ ಮಗ ಅದಕ್ಕೊಂದು ಟರ್ಬೊ ಹಾಕಿಸುತ್ತೇನೆ ಎನ್ನುತ್ತಾನೆ. ಹೆಚ್ಚೇನಿಲ್ಲ, ಸ್ವಲ್ಪವೇ ಒತ್ತಡದ್ದು ಎಂದು ಸಮಾಧಾನವನ್ನೂ ಹೇಳುತ್ತಾನೆ. ಹಿರಿಯರಿಗೆ ಆ ಪದವೇ ಹೊಸದು. ಒಪ್ಪಬೇಕೋ ಬಿಡಬೇಕೋ ತಿಳಿಯದೆ, ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ಕಿನ ಕಾರ್ಯಾಗಾರದಲ್ಲಿ ಹುಡುಗರಿಗೆ ಇಂಜಿನ್ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸಿ ನಿವೃತ್ತರಾದ ನಮ್ಮಂಥವರ ಬಳಿಗೆ ಅವರು ಬರುತ್ತಾರೆ. ಎರಡು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ಸ್ವಂತ ಮನೆಯ ಅಂಗಳಕ್ಕೇ ಬಂದು ನಿಂತಿತು.

ನಮ್ಮ ತಂಗಿಯ ಯಜಮಾನರು 2005ರಲ್ಲಿ ಹೊಸದಾಗಿ ಕೊಂಡ ಮಾರುತಿ ಎಸ್ಟೀಮ್ ಕಾರು ಧಾರವಾಡದ ಅವರ ಮನೆಯಲ್ಲಿದೆ. 1298 ಘನ ಸೆಂಟಿಮೀಟರಿನ, 85 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್. ಹಗುರವಾದ ಮೈಯ, ಮಾತು ಕೇಳುವ ಕಾರು. ಯಜಮಾನರು ಲಿಂಗೈಕ್ಯರಾದ ಮೇಲೆ ತಂಗಿಯು ಅದನ್ನು ಮಾರಲು ಒಪ್ಪಲಿಲ್ಲ. 2020ರಲ್ಲಿ ಹದಿನೈದು ವರ್ಷದ ನೋಂದಣಿ ಮುಗಿದಾಗ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಅದರ ನೋಂದಣಿಯನ್ನು ನವೀಕರಿಸಲಾಗಿದೆ. ವರ್ಷಕ್ಕೊಮ್ಮೆ ಮನೆಮಂದಿ ಐವರೂ ಅದರಲ್ಲಿ ಕುಳಿತು ಹಳಿಯಾಳ, ದಾಂಡೇಲಿಗಳ ಮೇಲೆ ಹಾದು ಉಳವಿಗೆ ಹೋಗಿಬರುವುದು ರೂಢಿ. ಜೋಯಿಡಾ ಸೀಮೆಯ ಆ ಕಾಡಿನ ಏರುತಿರುವುಗಳಲ್ಲಿ ಏ.ಸಿ. ಹಾಕಿದರೆ ಕಾರು ಏದುಸಿರು ಬಿಡುತ್ತದೆ, ಹಿಂದಿನ ಜೀಪಿನವರು ಹಾರ್ನ್ ಬಾರಿಸುತ್ತಾರೆ, ಅವ್ವನಿಗೆ ಸೆಖೆಯಾಗುತ್ತದೆ ಎಂಬುದು ತಂಗಿಯ ಮಗನ ದೂರು. ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ಅವನಿಗೆ ಯಂತ್ರಗಳ ಮೇಲೆ ಪ್ರೀತಿ. ಒಂದು ಗ್ಯಾರೇಜಿನವರು ಒಂದೂವರೆ ಲಕ್ಷ ರೂಪಾಯಿಗೆ, ನಾಲ್ಕು ದಿನದಲ್ಲಿ, ಆರು ಪೌಂಡಿನ ಟರ್ಬೊ ಕೂರಿಸಿಕೊಡುವುದಾಗಿ ಅವನಿಗೆ ಹೇಳಿದ್ದರು. ಕಾರನ್ನು ಮಾರಿದರೆ ಅದರ ಅರ್ಧವೂ ಬಾರದು ಎಂಬುದು ಬೇರೆಯ ಮಾತು. ತಂದೆಯ ಕಾರಿಗೆ ಬೆಲೆ ಕಟ್ಟುವವರು ನಾವಲ್ಲ.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. ಸಾಮಾನ್ಯ ಪೆಟ್ರೋಲ್ ಇಂಜಿನ್ ತಾನಾಗಿಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಉಂಟಾಗುವ ತೆರವನ್ನು ಹೊರಗಿನ ವಾತಾವರಣದ ಒತ್ತಡವೇ ತುಂಬುತ್ತದೆ. ಎಷ್ಟು ಗಾಳಿಯೋ ಅಷ್ಟಕ್ಕೆ ತಕ್ಕ ಪೆಟ್ರೋಲು, ಅಷ್ಟಕ್ಕೆ ತಕ್ಕ ಶಕ್ತಿ. ಟರ್ಬೊ ಎಂಬುದು ಒಂದೇ ದಂಡಕ್ಕೆ ಎರಡು ಕಡೆ ಜೋಡಿಸಿದ ಎರಡು ಪುಟ್ಟ ಚಕ್ರಗಳ ಯಂತ್ರ. ಹೊಗೆಕೊಳವೆಯಿಂದ ಹೊರಬೀಳುವ ಬಿಸಿ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ; ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಕ್ಕೆ ನೂಕುತ್ತದೆ. ಈ ಹೆಚ್ಚಿನ ಒತ್ತಡವನ್ನು ಗ್ಯಾರೇಜಿನ ಭಾಷೆಯಲ್ಲಿ ಬೂಸ್ಟ್ ಎನ್ನುತ್ತಾರೆ. ನಮ್ಮ ಕಾರಿನ ಟಯರಿಗೆ ಸುಮಾರು ಮೂವತ್ತು ಪೌಂಡು ಗಾಳಿ ಹಾಕಿಸುತ್ತೇವಲ್ಲವೆ? ಅದರ ಐದರಲ್ಲೊಂದು ಪಾಲು ಈ ಆರು ಪೌಂಡು. ಕೇಳುವುದಕ್ಕೆ ಎಷ್ಟು ಅಲ್ಪ!

ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವು ಚದರ ಅಂಗುಲಕ್ಕೆ 14.7 ಪೌಂಡು. ಧಾರವಾಡವು ಸಮುದ್ರಮಟ್ಟದಿಂದ ಏಳುನೂರೈವತ್ತು ಮೀಟರುಗಳಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ಅದು ಹೆಚ್ಚುಕಡಿಮೆ 13.4 ಪೌಂಡು. ಒಂಬೈನೂರು ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಇನ್ನೂ ತುಸು ಕಡಿಮೆ. ಅಂದರೆ ಮಂಗಳೂರಿನಲ್ಲಿ 85 ಅಶ್ವಶಕ್ತಿ ಕೊಡುವ ಇಂಜಿನ್ ನಮ್ಮ ಬಯಲುಸೀಮೆಯ ದಿಣ್ಣೆಯ ಮೇಲೆ ಹುಟ್ಟುತ್ತಲೇ ಶೇಕಡ ಎಂಟು ಹತ್ತರಷ್ಟು ಉಸಿರನ್ನು ಕಳೆದುಕೊಂಡಿರುತ್ತದೆ. ಹುಡುಗನು ಬಯಸಿದ ಆರು ಪೌಂಡಿನಲ್ಲಿ ಮೊದಲಿನ ಒಂದೂಕಾಲು ಪೌಂಡು ಕರಾವಳಿಯ ಕಾರುಗಳಿಗೆ ಪುಕ್ಕಟೆಯಾಗಿ ಸಿಕ್ಕುವುದನ್ನು ಮರಳಿ ತಂದುಕೊಡುವುದಕ್ಕೇ ಹೋಗುತ್ತದೆ! ಇದನ್ನು ಕೇಳಿ ಅವನು ಬಹಳ ಹೊತ್ತು ನಕ್ಕ.

ನಗುವ ಸಂಗತಿಯೇನೂ ಅಲ್ಲ. ಟರ್ಬೊವಿನ ಚರಿತ್ರೆಯೇ ಈ ಎತ್ತರದ ಸಂಕಟದೊಡನೆ ಹೆಣೆದುಕೊಂಡಿದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬುಕಿ ಅವರು 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. ಮೇಲೇರಿದಂತೆ ವಿಮಾನಗಳ ಶಕ್ತಿ ಕುಂದುವುದನ್ನು ತಡೆಯಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವರು 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಇಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರದ ಮೇಲೆ, ಹದಿನಾಲ್ಕು ಸಾವಿರ ಅಡಿಗಳ ಎತ್ತರಕ್ಕೆ ಸಾಗಿಸಿ, ಟರ್ಬೊ ಜೋಡಿಸಿ ಪರೀಕ್ಷಿಸಿದರು. ನೆಲದ ಮೇಲೆ ಕೊಡುತ್ತಿದ್ದ ಶಕ್ತಿಯನ್ನು ಆ ಇಂಜಿನ್ ಶಿಖರದ ಮೇಲೂ ಕೊಟ್ಟಿತು.

ಇನ್ನು ಕಾರುಗಳ ಮಾತು. ಸ್ವಲ್ಪವೇ ಒತ್ತಡದ ಟರ್ಬೊವನ್ನು ಮನೆಬಳಕೆಯ ಕಾರಿಗೆ ಹಾಕಿದರೆ ಏನಾದೀತು ಎಂಬುದಕ್ಕೆ 1962ರಷ್ಟು ಹಿಂದಿನ ಒಂದು ನಿದರ್ಶನವಿದೆ. ಅದನ್ನು ನಾವು ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತಿದ್ದೆವು. ಜನರಲ್ ಮೋಟಾರ್ಸಿನ ಓಲ್ಡ್ಸ್‌ಮೊಬೈಲ್ ವಿಭಾಗದವರು ಆ ವರ್ಷ ಜೆಟ್‌ಫೈರ್ ಎಂಬ ಕಾರನ್ನು ಹೊರತಂದರು. ಮೂರೂವರೆ ಲೀಟರಿನ ಅಲ್ಯೂಮಿನಿಯಂ ವಿ-8 ಇಂಜಿನ್; ಐದೇ ಪೌಂಡಿನ ಬೂಸ್ಟ್; 215 ಘನ ಅಂಗುಲಕ್ಕೆ 215 ಅಶ್ವಶಕ್ತಿ. ಆದರೆ ಇಂಜಿನ್ನಿನ ಸಂಪೀಡನ ಅನುಪಾತವನ್ನು ಅವರು ಇಳಿಸದೆ 10.25ಕ್ಕೆ 1ರಂತೆ ಎತ್ತರದಲ್ಲೇ ಉಳಿಸಿಕೊಂಡರು. ಅಂಥ ಸಿಲಿಂಡರಿಗೆ ಒತ್ತಿದ ಬಿಸಿಗಾಳಿಯನ್ನು ಕಳುಹಿಸಿದರೆ, ಕಿಡಿಯಿಂದ ಹೊತ್ತಿ ಕ್ರಮವಾಗಿ ಹರಡಬೇಕಾದ ಜ್ವಾಲೆಯು ಮುಟ್ಟುವ ಮೊದಲೇ, ಉಳಿದ ಮಿಶ್ರಣವು ತಾನಾಗಿ ಸಿಡಿಯುತ್ತದೆ. ಇದನ್ನು ತಡೆಯಲೆಂದು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಗಾಳಿಯೊಡನೆ ಸಿಂಪಡಿಸುವ ಏರ್ಪಾಡು ಮಾಡಿ, ಆ ದ್ರವಕ್ಕೆ ಟರ್ಬೊ ರಾಕೆಟ್ ಫ್ಲೂಯಿಡ್ ಎಂಬ ಭರ್ಜರಿ ಹೆಸರನ್ನೂ ಇಟ್ಟರು. ಅದನ್ನು ಆಗಾಗ ತುಂಬಿಸುತ್ತಿರಬೇಕಿತ್ತು. ಸಂಸಾರಿಗಳು ಮರೆತರು. ದ್ರವ ಮುಗಿದರೆ ಒತ್ತಡವನ್ನು ತಗ್ಗಿಸುವ ಕವಾಟವೇನೋ ಇತ್ತು. ಆಗ ಕಾರು ಸಪ್ಪೆಯಾಯಿತೆಂದು ಜನ ಗೊಣಗಿದರು. 1963ರೊಡನೆ ಆ ಕಾರಿನ ತಯಾರಿಕೆ ನಿಂತಿತು. ಮುಂದೆ ಕಂಪನಿಯವರೇ ಬಯಸಿದವರ ಕಾರುಗಳಿಂದ ಟರ್ಬೊವನ್ನು ಕಳಚಿ ಸಾಮಾನ್ಯ ಕಾರ್ಬ್ಯುರೇಟರನ್ನು ಕೂರಿಸಿಕೊಟ್ಟರು. ಬೂಸ್ಟ್ ಐದೇ ಪೌಂಡು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇದೇ ಕೆಲಸವನ್ನು ಸ್ವೀಡನ್ನಿನ ಸಾಬ್ ಕಂಪನಿಯವರು 1977ರಲ್ಲಿ ಪ್ರದರ್ಶಿಸಿದ 99 ಟರ್ಬೊ ಕಾರಿನಲ್ಲಿ ಬೇರೆ ರೀತಿಯಿಂದ ಮಾಡಿದರು. ಸಂಪೀಡನ ಅನುಪಾತವನ್ನು ಇಳಿಸಿದರು. ಒತ್ತಡವು ಮಿತಿ ಮೀರಿದೊಡನೆ ಹೊಗೆಯನ್ನು ಟರ್ಬೈನಿನ ಪಕ್ಕದಿಂದ ಹಾಯಿಸಿಬಿಡುವ ಕವಾಟವನ್ನಿಟ್ಟರು. ಅತಿವೇಗಕ್ಕಲ್ಲದೆ, ಸಾಮಾನ್ಯ ಓಡಾಟದ ವೇಗದಲ್ಲಿ ಎಳೆತಕ್ಕೆ ಒದಗುವಂತೆ ಟರ್ಬೊವನ್ನು ಹದಗೊಳಿಸಿದರು. ಮುಂದೆ 1990ರ ದಶಕದಲ್ಲಿ ಕಡಿಮೆ ಒತ್ತಡದ ಟರ್ಬೊ ಎಂಬ ಹೆಸರಿನಿಂದಲೇ ಅವರು ಮೆತ್ತನೆಯ ಸಂಸಾರಯೋಗ್ಯ ಕಾರುಗಳನ್ನು ಮಾರಿದರು. ನಮ್ಮ ತಂಗಿಯ ಮಗ ಬಯಸಿದ್ದು ಇಂಥದ್ದನ್ನೇ. ಆಸೆಯಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಅವರು ಇಂಜಿನ್ನನ್ನೇ ಟರ್ಬೊವಿಗಾಗಿ ಸಿದ್ಧಪಡಿಸಿದ್ದರು. ನಮ್ಮಲ್ಲಿ ಟರ್ಬೊವನ್ನು ಸಿದ್ಧವಿಲ್ಲದ ಇಂಜಿನ್ನಿಗೆ ಕಟ್ಟುವ ಮಾತು ನಡೆದಿತ್ತು.

ಒಂದು ಭಾನುವಾರ ಊಟವಾದ ಮೇಲೆ ಅವನನ್ನು ಕೂರಿಸಿಕೊಂಡು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಧಾರವಾಡದ 13.4 ಪೌಂಡಿಗೆ ಆರು ಸೇರಿದರೆ 19.4, ಅಂದರೆ ಒತ್ತಡವು ಒಂದೂಮುಕ್ಕಾಲುಪಾಲಿನ ಹತ್ತಿರಕ್ಕೂ ಬಾರದೆ 1.45ರಷ್ಟಾಗುತ್ತದೆ. ಹಾಗಾದರೆ ಶಕ್ತಿ ಶೇಕಡ 45 ಹೆಚ್ಚಿತೆಂದು ಅವನು ಬರೆದುಕೊಂಡ. ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ; ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಯಾರು ಮುಟ್ಟಿ ನೋಡಿಲ್ಲ? ಹೊರಗೆ 35 ಡಿಗ್ರಿ ಸೆಖೆಯಿದ್ದರೆ, ಮಧ್ಯಮ ದಕ್ಷತೆಯ ಪುಟ್ಟ ಟರ್ಬೊವಿನಿಂದ ಹೊರಬೀಳುವ ಗಾಳಿ 85ರಿಂದ 90 ಡಿಗ್ರಿ ಮುಟ್ಟುತ್ತದೆ. ಬಿಸಿಗಾಳಿ ತೆಳುವಾದ್ದರಿಂದ ನಿಜವಾಗಿ ಒಳಸೇರುವ ಗಾಳಿಯ ತೂಕ ಹೆಚ್ಚುವುದು ಶೇಕಡ 24ರ ಆಸುಪಾಸು ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ಗಾಳಿಯ ರೇಡಿಯೇಟರನ್ನಿಟ್ಟು 50 ಡಿಗ್ರಿಗೆ ತಣಿಸಿದರೆ ಅದು ಶೇಕಡ 35ರ ಹತ್ತಿರಕ್ಕೆ ಬಂದೀತು. ಗ್ಯಾರೇಜಿನವರ ಒಂದೂವರೆ ಲಕ್ಷದಲ್ಲಿ ಇಂಟರ್‌ಕೂಲರ್ ಸೇರಿರಲಿಲ್ಲ. ಒತ್ತಡ ಕಡಿಮೆ, ಆದ್ದರಿಂದ ಬೇಡ ಎಂದಿದ್ದರಂತೆ.

ಆ ಹೆಚ್ಚಿನ ಗಾಳಿಗೆ ಹೆಚ್ಚಿನ ಪೆಟ್ರೋಲು ಯಾರು ಕೊಡಬೇಕು? ಈ ತಲೆಮಾರಿನ ಇಂಜಿನ್ನುಗಳ ನಿಯಂತ್ರಕ ಪೆಟ್ಟಿಗೆಗೆ ವಾತಾವರಣದ ಒತ್ತಡಕ್ಕಿಂತ ಮೇಲೆ ಗಾಳಿಯಿರಬಹುದೆಂಬ ಕಲ್ಪನೆಯೇ ಇರುವುದಿಲ್ಲ. ಒತ್ತಡ ಅಳೆಯುವ ಸಂವೇದಕವು ತನ್ನ ತುದಿ ಮುಟ್ಟಿ ನಿಲ್ಲುತ್ತದೆ. ಇಂಜೆಕ್ಟರುಗಳು ತಮ್ಮ ಅಳತೆ ಮೀರಿ ಸುರಿಯಲಾರವು. ಪೆಟ್ರೋಲು ಸಾಲದೆ ಮಿಶ್ರಣ ತೆಳುವಾದರೆ ಉರಿ ಬಿಸಿಯಾಗುತ್ತದೆ, ಸಿಡಿತ ಆರಂಭವಾಗುತ್ತದೆ, ಪಿಸ್ಟನ್ನಿನ ಅಂಚು ಕರಗುತ್ತದೆ. ಇವೆಲ್ಲ ಒಂದು ಏರನ್ನು ಹತ್ತಿ ಮುಗಿಸುವುದರೊಳಗೆ ಆಗಬಹುದಾದ ಕೆಲಸ. ಆದ್ದರಿಂದ ದೊಡ್ಡ ಇಂಜೆಕ್ಟರು, ಬಲವಾದ ಪಂಪು, ಕಿಡಿಯ ಹೊತ್ತನ್ನು ಬೂಸ್ಟಿಗೆ ತಕ್ಕಂತೆ ಹಿಂದೂಡಬಲ್ಲ ಹೊಸ ನಿಯಂತ್ರಕ, ಹೊಗೆಯಲ್ಲಿನ ಆಮ್ಲಜನಕವನ್ನು ವಿಶಾಲ ವ್ಯಾಪ್ತಿಯಲ್ಲಿ ಅಳೆದು ತೋರಿಸುವ ಮಾಪಕ, ಇವಿಷ್ಟೂ ಬೇಕು. ಪಂಪಿನ ಪೆಟ್ರೋಲೂ ಈಗ ಮೊದಲಿನದಲ್ಲ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದಾದ್ಯಂತ ಬಂದಿದೆ. ಎಥನಾಲಿಗೆ ಸಿಡಿತವನ್ನು ತಡೆಯುವ ಗುಣ ಹೆಚ್ಚು; ಟರ್ಬೊ ಪ್ರಿಯರಿಗೆ ಅದು ಸಂತೋಷದ ಸುದ್ದಿಯೇ. ಆದರೆ ಅಷ್ಟೇ ಗಾಳಿಗೆ ಇನ್ನೂ ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. 2005ರ ಕಾರಿನ ರಬ್ಬರು ನಳಿಗೆಗಳು ಅದಕ್ಕಾಗಿ ಹುಟ್ಟಿದವೂ ಅಲ್ಲ.

ಎಣ್ಣೆಯ ವಿಚಾರವನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆವು, ಏಕೆಂದರೆ ಯಾವ ಗ್ಯಾರೇಜಿನ ಜಾಹೀರಾತಿನಲ್ಲೂ ಅದು ಬರುವುದಿಲ್ಲ. ಟರ್ಬೊವಿನ ದಂಡವು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತು ತಿರುಗುತ್ತದೆ. ಅದನ್ನು ಹೊತ್ತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಇಂಜಿನ್ನಿನ ಎಣ್ಣೆಯೇ ಒತ್ತಡದಿಂದ ಅಲ್ಲಿಗೆ ಹೋಗಬೇಕು, ಕೆಲಸ ಮುಗಿಸಿ ತನ್ನ ಭಾರದಿಂದಲೇ ಇಳಿದು ಕೆಳಗಿನ ತೊಟ್ಟಿಗೆ ಮರಳಬೇಕು. ಮರಳುವ ನಳಿಗೆ ಸಾಕಷ್ಟು ದಪ್ಪವಾಗಿರಬೇಕು, ಎಲ್ಲಿಯೂ ಮೇಲಕ್ಕೆ ಬಾಗಬಾರದು, ತೊಟ್ಟಿಯ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲವಾದರೆ ಎಣ್ಣೆ ಟರ್ಬೊವಿನಲ್ಲೇ ಕಟ್ಟಿಕೊಂಡು ಸೀಲುಗಳನ್ನು ದಾಟಿ ಹೊಗೆಯಾಗುತ್ತದೆ. ಏರು ಹತ್ತಿ ಬಂದೊಡನೆ ಚಾವಿ ತಿರುಗಿಸಿ ಇಂಜಿನ್ ಆರಿಸಿದರೆ, ಕೆಂಪಗೆ ಕಾದ ಟರ್ಬೈನಿನ ಪಕ್ಕದಲ್ಲಿ ನಿಂತ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ. ಒಂದೆರಡು ನಿಮಿಷ ಮೆಲ್ಲನೆ ಓಡಿಸಿ ಆರಿಸಬೇಕು. ಕಾರನ್ನು ಓಡಿಸುವವನು ಅವನೊಬ್ಬನೇ ಆದರೆ ಸರಿ. ಆ ಮನೆಯಲ್ಲಿ ಮೂವರು ಓಡಿಸುತ್ತಾರೆ. ಗ್ಯಾರೇಜಿನವರು ತೋರಿಸಿದ್ದ ಹಳೆಯ ಟರ್ಬೊ ಡೀಸೆಲ್ ಕಾರಿನದು. ಡೀಸೆಲ್ ಹೊಗೆಗಿಂತ ಪೆಟ್ರೋಲಿನ ಹೊಗೆ ನೂರಾರು ಡಿಗ್ರಿ ಹೆಚ್ಚು ಬಿಸಿಯಾಗಿ ಬರುತ್ತದೆ. ಒಂಬೈನೂರು ಡಿಗ್ರಿ ದಾಟುವುದೂ ಉಂಟು. ಡೀಸೆಲ್ಲಿಗಾಗಿ ಎರಕ ಹೊಯ್ದ ಲೋಹವು ಆ ಕಾವಿನಲ್ಲಿ ಬಿರುಕು ಬಿಡುವ ಭಯವಿದೆ.

ಇಷ್ಟೆಲ್ಲ ಕೇಳಿದ ಮೇಲೂ ಅವನು ಎದೆಗುಂದಲಿಲ್ಲ. ಒಂದೊಂದನ್ನೂ ಸರಿಯಾಗಿಯೇ ಮಾಡಿಸುತ್ತೇನೆ ಎಂದ. ಮಾಡಿಸಬಲ್ಲ ಹುಡುಗನೇ. ಆದ್ದರಿಂದ ಕಾನೂನಿನ ಮಾತನ್ನು ಎತ್ತಬೇಕಾಯಿತು.

1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಸಿ.ಎನ್.ಜಿ.ಯಂಥ ಬೇರೆ ಇಂಧನಕ್ಕೆ ಬದಲಿಸಿಕೊಳ್ಳಲು ಅಂಗೀಕೃತ ಕಿಟ್ಟುಗಳಿವೆ, ನೋಂದಣಿಪತ್ರದಲ್ಲಿ ಬರೆಸಿಕೊಳ್ಳುವ ದಾರಿಯಿದೆ. ಪೆಟ್ರೋಲ್ ಇಂಜಿನ್ನಿಗೆ ಟರ್ಬೊ ಕಟ್ಟುವ ಮನೆಗೆಲಸಕ್ಕೆ ಅಂಥ ಹೆದ್ದಾರಿಯಿಲ್ಲ. ಇಲ್ಲಿ ಮಾಲೀಕರೆಂದರೆ ಯಾರು? ನೋಂದಣಿಪತ್ರದಲ್ಲಿರುವುದು ತಂಗಿಯ ಹೆಸರು. ಎಲ್ಲಿಯಾದರೂ ಅಪಘಾತವಾಗಿ, ವಿಮೆಯವರು ಬಾನೆಟ್ ಎತ್ತಿ ನೋಡಿದರೆ, ತಿಳಿಸದ ಮಾರ್ಪಾಡನ್ನು ಮುಂದಿಟ್ಟು ಪರಿಹಾರವನ್ನು ತಳ್ಳಿಹಾಕಬಹುದು. ಉತ್ತರ ಹೇಳಬೇಕಾದವಳು ಅವಳು. 2030ರಲ್ಲಿ ನವೀಕರಣಕ್ಕೆ ನಿರೀಕ್ಷಕರ ಮುಂದೆ ನಿಲ್ಲಬೇಕಾದುದೂ ಇದೇ ಕಾರು. ಹುಡುಗನು ಆವರೆಗೆ ಎಲ್ಲ ಮಾತಿಗೂ ಪ್ರತ್ಯುತ್ತರ ಕೊಟ್ಟಿದ್ದವನು ಇದಕ್ಕೆ ಕೊಡಲಿಲ್ಲ.

ನಮ್ಮ ದೇಶದಲ್ಲಿ ಇದು ಆಗಲೇ ಬಾರದೆಂದೇನೂ ಅಲ್ಲ. 2018ರಲ್ಲಿ ಟಾಟಾ ಸಂಸ್ಥೆಯವರು ಕೊಯಮತ್ತೂರಿನ ಜಯೆಮ್ ಸಂಸ್ಥೆಯೊಡಗೂಡಿ ಟಿಯಾಗೊ ಜೆ.ಟಿ.ಪಿ. ಎಂಬ ಕಾರನ್ನು ತಂದರು. ಸಾಮಾನ್ಯ ಟಿಯಾಗೊದ 1.2 ಲೀಟರ್ ಇಂಜಿನ್ 85 ಅಶ್ವಶಕ್ತಿಯದಾದರೆ, ಅದೇ ಗಾತ್ರದ ಟರ್ಬೊ ಇಂಜಿನ್ 114. ಅದರೊಡನೆ ಟಯರು, ಸ್ಪ್ರಿಂಗು ಮುಂತಾದವನ್ನೂ ಬದಲಿಸಿ, ಸರ್ಕಾರದ ಪರೀಕ್ಷೆಗಳನ್ನು ತಯಾರಕರೇ ಮುಗಿಸಿ ಕೊಟ್ಟಿದ್ದರು. ಎರಡೇ ವರ್ಷದಲ್ಲಿ ಅದು ನಿಂತುಹೋದದ್ದು ನಮಗೆ ಬೇಸರದ ಸಂಗತಿ. ಈಗಂತೂ ಹಲವು ಕಂಪನಿಗಳು ಕಾರ್ಖಾನೆಯಲ್ಲೇ ಟರ್ಬೊ ಕೂಡಿಸಿದ ಒಂದು ಲೀಟರಿನ ಕಾರುಗಳನ್ನು ಮಾರುತ್ತಿವೆ. ಆದರೆ ಅವು ಯಾವುವೂ ಅವನ ಅಪ್ಪನ ಕಾರಲ್ಲವಲ್ಲ.

ಕೊನೆಗೆ ನಾವು ಒಂದು ಮಾತು ಕೇಳಿಕೊಂಡೆವು. ಹೆಚ್ಚಿನ ಉಸಿರನ್ನು ತುಂಬುವ ಮೊದಲು ಇರುವ ಉಸಿರು ಎಷ್ಟೆಂದು ಅಳೆಯೋಣ. ಯಾವ ಗ್ಯಾರೇಜಿನವರೂ ಅದನ್ನು ಮಾಡಿರಲಿಲ್ಲ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ಗುಗಳನ್ನು ಕಳಚಿ, ಇಂಧನವನ್ನು ನಿಲ್ಲಿಸಿ, ಆಕ್ಸಿಲೇಟರನ್ನು ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿನ ಸಂಪೀಡನವನ್ನು ಅಳೆದೆವು. ಒಂದನೆಯದು 12.1, ಎರಡನೆಯದು 11.9, ನಾಲ್ಕನೆಯದು 12. ಮೂರನೆಯದು 9.2. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರೂ ಮುಳ್ಳು ಹೆಚ್ಚು ಏರಲಿಲ್ಲ. ಏರಿದ್ದರೆ ಪಿಸ್ಟನ್ ರಿಂಗಿನ ದೋಷ, ಏರದಿದ್ದರೆ ಕವಾಟದ್ದು. ಸಿಲಿಂಡರ್ ಹೆಡ್ ಬಿಚ್ಚಿ ನೋಡಿದಾಗ ಮೂರನೆಯ ಸಿಲಿಂಡರಿನ ಹೊಗೆಕವಾಟದ ಅಂಚು ಸುಡಲಾರಂಭಿಸಿತ್ತು. ಇಪ್ಪತ್ತು ವರ್ಷ ದುಡಿದ ಇಂಜಿನ್ನಿಗೆ ಇದು ಸಹಜ. ಇದರ ಮೇಲೆ ಆರು ಪೌಂಡು ಹೇರಿದ್ದರೆ ಆ ಕವಾಟ ಎಷ್ಟು ದಿನ ಬಾಳುತ್ತಿತ್ತೆಂದು ಅವನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

ಹೊಸ ಕವಾಟ, ಆಸನಗಳ ಅರೆತ, ಹೊಸ ಗ್ಯಾಸ್ಕೆಟ್, ಹಳೆಯ ಇಂಧನ ನಳಿಗೆಗಳ ಬದಲಿಗೆ ಎಥನಾಲ್ ತಾಳುವ ನಳಿಗೆ. ಜೊತೆಗೆ ಕ್ಲಚ್ಚು ಜಾರುತ್ತಿದ್ದುದೂ ಗೊತ್ತಾಯಿತು, ಅದನ್ನೂ ಬದಲಿಸಲಾಯಿತು. ಎಲ್ಲವೂ ಸೇರಿ ಟರ್ಬೊವಿಗೆಂದು ತೆಗೆದಿಟ್ಟ ಹಣದ ಕಾಲುಭಾಗವೂ ಖರ್ಚಾಗಲಿಲ್ಲ. ಮೂರನೆಯ ಸಿಲಿಂಡರು ಈಗ 12 ತೋರಿಸುತ್ತದೆ. ಕಳೆದ ಸಲ ಉಳವಿಗೆ ಹೋಗುವಾಗ ಏ.ಸಿ. ಹಾಕಿಕೊಂಡೇ ಎರಡನೆಯ ಗೇರಿನಲ್ಲಿ ಏರು ಹತ್ತಿದರು. ಜೀಪಿನವರು ಹಿಂದೆ ಹಾರ್ನ್ ಬಾರಿಸಿದರೋ ಇಲ್ಲವೋ ನಾವು ಕೇಳಲಿಲ್ಲ. ಜೀಪಿನವರು ಯಾರ ಹಿಂದಿದ್ದರೂ ಬಾರಿಸುತ್ತಾರೆ.

ಟರ್ಬೊವಿನ ಆಸೆ ಮಾತ್ರ ಹೋಗಿಲ್ಲ, ಹೋಗಬೇಕಾದ ಅಗತ್ಯವನ್ನೂ ನಾವು ಕಾಣೆವು. ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಇಂಜಿನ್ನನ್ನು ತಂದು ನಮ್ಮ ಹಿತ್ತಲಿನ ತಗಡಿನ ಷೆಡ್ಡಿನಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದಾನೆ. ಹೊರೆಯಿಲ್ಲದೆ ಓಡುವ ಇಂಜಿನ್ನಿನಲ್ಲಿ ಟರ್ಬೊ ಒತ್ತಡ ಕಟ್ಟುವುದಿಲ್ಲವಾದ್ದರಿಂದ, ಹರಾಜಿನಲ್ಲಿ ಸಿಕ್ಕ ಹಳೆಯ ನೀರಿನ ಡೈನಮೊಮೀಟರೊಂದನ್ನು ಅದಕ್ಕೆ ಜೋಡಿಸಿದ್ದೇವೆ. ಪೆಟ್ರೋಲ್ ಕಾರಿನದೇ ಆದ ಪುಟ್ಟ ಟರ್ಬೊ, ಇಂಟರ್‌ಕೂಲರ್, ಹೊಸ ನಿಯಂತ್ರಕ, ಮಾಪಕಗಳು ಒಂದೊಂದಾಗಿ ಬರುತ್ತಿವೆ. ನಿಯಂತ್ರಕಕ್ಕೆ ಅಂಕಿಗಳನ್ನು ತುಂಬುವ ಕೆಲಸ ಅವನದು. ಅದರಲ್ಲಿ ಅವನೇ ನಮಗೆ ಗುರು. ನಾಲ್ಕು ಪೌಂಡಿನವರೆಗೆ ಓಡಿಸಿ ನೋಡಿದ್ದಾಯಿತು. ಎಣ್ಣೆ ಮರಳುವ ನಳಿಗೆಯ ಇಳಿಜಾರು ಸಾಲದೆ ಸಣ್ಣಗೆ ನೀಲಿ ಹೊಗೆ ಕಂಡದ್ದರಿಂದ ಸದ್ಯಕ್ಕೆ ಅದನ್ನು ಬಿಚ್ಚಿಟ್ಟಿದ್ದೇವೆ. ಹೊಸ ನಳಿಗೆಯನ್ನು ಬಾಗಿಸಿ ತರಲು ಹುಬ್ಬಳ್ಳಿಗೆ ಕೊಟ್ಟಿದೆ.